ಮುನಿದವಳಿಗೆ ಮನೆಯೊಳಗೇ ಪೂಜೆ

ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಬುಡದಲ್ಲಿ ಕಬ್ಬಾಳಮ್ಮನ ಗುಡಿಯಿದೆ. ಬೆಟ್ಟದ ಮೇಲೆ ಒಂದು ಕಾಲಕ್ಕೆ ಮೈಸೂರಿನವರ ಸೆರೆಯಿತ್ತು. 1734ರಲ್ಲಿ ಅಲ್ಲಿ ಕೈದಿಯಾಗಿ ಸತ್ತದ್ದು ಮೈಸೂರಿನ ದೊರೆಯೇ. ದೊಡ್ಡ ಕೃಷ್ಣರಾಜ ಒಡೆಯರಿಗೆ ಮಕ್ಕಳಿಲ್ಲದ್ದರಿಂದ ದತ್ತು ಬಂದು 1732ರಲ್ಲಿ ಪಟ್ಟವೇರಿದ ಚಾಮರಾಜ ಒಡೆಯರನ್ನು ದಳವಾಯಿಗಳು ಎರಡೇ ವರ್ಷಕ್ಕೆ ಇಳಿಸಿ ಇಲ್ಲಿಗೆ ಅಟ್ಟಿದ್ದರು.

ಅರಮನೆಗೆ ಮಕ್ಕಳಾಗದ್ದಕ್ಕೆ ಜನ ಹೇಳುವ ಕಾರಣ ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಾಗ ವಿಜಯನಗರದ ಪ್ರತಿನಿಧಿ ತಲಕಾಡಿಗೆ ಸರಿದ. ರಂಗನಾಯಕಿ ಅಮ್ಮನವರ ಅಲಂಕಾರಕ್ಕೆಂದು ಅವನ ಮಡದಿ ಅಲಮೇಲಮ್ಮನ ಒಡವೆ ಕೇಳಿ ಒಡೆಯರ ಆಳುಗಳು ಬೆನ್ನಟ್ಟಿದರು. ಆಕೆ ಒಡವೆ ಸಮೇತ ಮಾಲಂಗಿಯ ಹತ್ತಿರ ಕಾವೇರಿಗೆ ಹಾರಿದಳಂತೆ. ಹಾರುವ ಮೊದಲು ತಲಕಾಡಿಗೆ ಮರಳನ್ನೂ ಒಡೆಯರಿಗೆ ಸಂತಾನಹೀನತೆಯನ್ನೂ ಶಪಿಸಿದಳಂತೆ. ಆ ನೀರೇ ಮುಂದೆ ಕನಕಪುರದ ಸಂಗಮಕ್ಕೆ ಹರಿದು ಬರುವುದು.

ಗ್ರೀಕರಾಗಿದ್ದರೆ ಇಲ್ಲಿ ಎರಿನಿಗಳನ್ನು ಕಾಣುತ್ತಿದ್ದರು. ರಕ್ತಸಂಬಂಧಿಯನ್ನು ಕೊಂದವರನ್ನು ಅಟ್ಟಾಡಿಸುವ ಸೇಡಿನ ದೇವತೆಯರು ಅವರು. ಏಸ್ಕಿಲಸನ ಕ್ರಿ.ಪೂ. 458ರ ನಾಟಕತ್ರಯದಲ್ಲಿ ತಾಯಿಯನ್ನು ಕೊಂದ ಒರೆಸ್ಟೀಸನ ಬೆನ್ನು ಹತ್ತುತ್ತಾರೆ. ಎರಡನೆಯ ನಾಟಕದ ಕೊನೆಯಲ್ಲಿ ಅವರು ಕಾಣುವುದು ಅವನೊಬ್ಬನಿಗೇ. ಪಕ್ಕದಲ್ಲಿ ನಿಂತವರಿಗೆ ಏನೂ ಇಲ್ಲ. ಮೂರನೆಯದರಲ್ಲಿ ಅವರೇ ರಂಗದ ಮೇಲೆ ಕುಣಿಯುತ್ತಾರೆ! ಐವತ್ತು ವರ್ಷದ ಬಳಿಕ ಯೂರಿಪಿಡೀಸನ ಒರೆಸ್ಟೀಸ್, ತನ್ನನ್ನು ತಿನ್ನುತ್ತಿರುವ ರೋಗ ತಾನು ಮಾಡಿದ್ದರ ಅರಿವೇ ಎನ್ನುತ್ತಾನೆ. ಬೆನ್ನಟ್ಟುತ್ತಿದ್ದ ದೇವತೆ ಎದೆಯೊಳಕ್ಕೆ ಇಳಿದಿದ್ದಾಳೆ.

ಆದರೆ ಅಲಮೇಲಮ್ಮನಿಗೆ ಹೆಚ್ಚು ಹತ್ತಿರದವನು ಸಾಫೊಕ್ಲೀಸನ ಏಜಾಕ್ಸ್. ಕತ್ತಿಯ ಮೇಲೆ ಬಿದ್ದು ಸಾಯುವ ಮುನ್ನ ಅವನು, ತನ್ನ ಮಾನ ಕಳೆದ ಅರಸರ ಮೇಲೆ ಎರಿನಿಗಳನ್ನು ಕರೆಯುತ್ತಾನೆ. ಈ ನಾಟಕವನ್ನೇ ಆಧರಿಸಿ ಬಿ.ಎಂ.ಶ್ರೀ. 1929ರಲ್ಲಿ 'ಅಶ್ವತ್ಥಾಮನ್' ಬರೆದದ್ದು.

ಮುನಿದವರನ್ನು ಏನು ಮಾಡಬೇಕು? ಏಸ್ಕಿಲಸನ ಮೂರನೆಯ ನಾಟಕದಲ್ಲಿ ಅಥೆನ್ಸಿನಲ್ಲಿ ನ್ಯಾಯಸಭೆ ಕೂರುತ್ತದೆ, ಮತಗಳು ಸಮನಾಗುತ್ತವೆ, ಅಥೀನಾ ದೇವಿಯ ಮತದಿಂದ ಒರೆಸ್ಟೀಸ್ ಉಳಿಯುತ್ತಾನೆ. ಸೋತ ಎರಿನಿಗಳನ್ನು ಓಡಿಸುವುದಿಲ್ಲ. ಊರಲ್ಲೇ ನೆಲೆ ಕೊಟ್ಟು, ಪೂಜೆಯ ಮಾತು ಕೊಡುತ್ತಾರೆ. ರಾಜ ಒಡೆಯರೂ ಪಶ್ಚಾತ್ತಾಪದಿಂದ ಅಲಮೇಲಮ್ಮನ ವಿಗ್ರಹ ಮಾಡಿಸಿ ಅರಮನೆಯಲ್ಲೇ ಪೂಜೆಗಿಟ್ಟರೆಂದು ಪ್ರತೀತಿ. ವ್ಯತ್ಯಾಸವೊಂದೇ, ಅದೂ ಸಣ್ಣದಲ್ಲ: ಎರಿನಿಗಳು ಸಭೆಯಲ್ಲಿ ನಿಂತು ವಾದಿಸಿದರು, ಅಲಮೇಲಮ್ಮನ ದೂರನ್ನು ಯಾರೂ ಕೂತು ಕೇಳಲಿಲ್ಲ.

ಇತಿಹಾಸ ಶಾಪಕ್ಕೆ ಪೂರ್ತಿ ಬಗ್ಗುವುದಿಲ್ಲ ಅನ್ನಿ. ರಾಜ ಒಡೆಯರ ನಂತರ ಆಳಿದ ಚಿಕ್ಕದೇವರಾಜರಿಗೆ ಮಗನಿದ್ದ, ಮೊಮ್ಮಗನೂ ಪಟ್ಟವೇರಿದ. ತಲಕಾಡಿನ ಮರಳಿಗೆ ಮಾಧವಮಂತ್ರಿ ಅಣೆಕಟ್ಟೆಯನ್ನೂ ನದಿಯ ತಿರುವನ್ನೂ ಗಾಳಿಯನ್ನೂ ತಜ್ಞರು ತೋರಿಸುತ್ತಾರೆ. ಆದರೂ 2017ರ ಡಿಸೆಂಬರಿನಲ್ಲಿ ಮೈಸೂರು ಅರಮನೆಯ ಯದುವೀರ ಒಡೆಯರಿಗೆ ಗಂಡುಮಗು ಹುಟ್ಟಿದಾಗ ಪತ್ರಿಕೆಗಳಲ್ಲಿ ಶಾಪ ವಿಮೋಚನೆಯ ಮಾತೇ ಮಾತು. ಲೆಕ್ಕ ಬಲ್ಲವರಿಗೆ ಅದೂ ಒಪ್ಪಿಗೆಯಿಲ್ಲ: ಯದುವೀರರೇ 2015ರಲ್ಲಿ ದತ್ತು ಬಂದವರು, ತಲೆಮಾರು ಬಿಟ್ಟು ತಲೆಮಾರಿಗೆ ತಟ್ಟುವ ಶಾಪಕ್ಕೆ ಇದು ಬಿಡುವಿನ ಸರದಿ.