ಚೌಕಗಳಲ್ಲಿ ಬರೆದ ವರದಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಸುಧಾ ವಾರಪತ್ರಿಕೆ ಮನೆಗೆ ಬಂದ ದಿನ ಫ್ಯಾಂಟಮ್ ಪುಟಕ್ಕಾಗಿ ಕಿತ್ತಾಟ ಇದ್ದದ್ದೇ. ಅದರಲ್ಲಿ ದೊಡ್ಡವರೂ ಇರುತ್ತಿದ್ದರು, ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೆ. ಕಾಮಿಕ್ಸ್ ಎಂದರೆ ಕದ್ದು ಸವಿಯುವ ಸಂಗತಿ ಎಂದುಕೊಂಡೇ ಬೆಳೆದ ನಮಗೆ, ಯುದ್ಧವನ್ನೂ ಗಲಭೆಯನ್ನೂ ಕಾಮಿಕ್ಸ್‌ನಲ್ಲಿ ವರದಿ ಮಾಡುತ್ತಾರೆಂದು ಕೇಳಿದಾಗ ನಗು ಬಂದಿತ್ತು. ನಗು ನಿಂತ ಮೇಲೂ ಅನುಮಾನಗಳು ಉಳಿದವು. ಈಗಲೂ ಹಲವರಲ್ಲಿ ಅವೇ ಇವೆ.

ಕಾಮಿಕ್ಸ್ ಮಕ್ಕಳ ಸರಕು, ಗಂಭೀರ ವಿಷಯ ಅದಕ್ಕೆ ಒಗ್ಗುವುದಿಲ್ಲ ಎಂಬುದು.

ವಾಸ್ತವ: ಒಗ್ಗದಂತೆ ಮಾಡಿದ್ದು ಮನುಷ್ಯರೇ. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆಂದು ಪುಸ್ತಕ ಬರೆದರು. ಅದೇ ವರ್ಷ ಅಲ್ಲಿನ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮಗೆ ತಾವೇ ಒಂದು ಸಂಹಿತೆ ಹಾಕಿಕೊಂಡರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಚಿತ್ರಿಸಕೂಡದು ಎಂಬುದೂ ಅದರಲ್ಲಿತ್ತು. ಅಧಿಕಾರದಲ್ಲಿರುವವರನ್ನು ಮುಟ್ಟುವಂತಿಲ್ಲ ಎಂದಮೇಲೆ ಪತ್ರಿಕೋದ್ಯಮ ಎಲ್ಲಿಂದ ಬರಬೇಕು? ಆಕಾಶದಲ್ಲಿ ಹಾರುವವರು ಉಳಿದರು, ನೆಲದ ಮೇಲಿನ ಸುದ್ದಿ ಹೋಯಿತು.

ಮಗು ಹಾಳಾಗುತ್ತದೆ ಎಂಬ ಭಯ ನಮ್ಮ ಮನೆಗಳಲ್ಲೂ ಇತ್ತು. ಅದು ಕೆಟ್ಟ ಮನಸ್ಸಿನ ಭಯವಲ್ಲ. ಆದರೆ ವರ್ಥಮ್ ಬಿಟ್ಟುಹೋದ ಕಾಗದಪತ್ರಗಳನ್ನು ಪರಿಶೀಲಿಸಿದ ಸಂಶೋಧಕಿ ಕ್ಯಾರೊಲ್ ಟಿಲ್ಲಿ, ಆ ಮನೋವೈದ್ಯರು ಮಕ್ಕಳ ಹೇಳಿಕೆಗಳನ್ನು ತಮಗೆ ಬೇಕಾದಂತೆ ತಿದ್ದಿದ್ದರೆಂದು 2012ರಲ್ಲಿ ಪ್ರಕಟಿಸಿದರು. ತೀರ್ಪು ಬಂದು ಅರ್ಧ ಶತಮಾನ ಕಳೆದ ಮೇಲೆ ಸಾಕ್ಷ್ಯದ ಬಣ್ಣ ಬಯಲಾಯಿತು!

ಫೋಟೋ ಸತ್ಯ, ಕೈಯಲ್ಲಿ ಬರೆದ ಚಿತ್ರ ಕಟ್ಟುಕತೆ ಎಂಬುದು.

ವಾಸ್ತವ: ನಾವು ಹೆಚ್ಚು ಕಾಲ ಅಂಟಿಕೊಂಡಿದ್ದ ನಂಬಿಕೆ ಇದು. ಮಾಲ್ಟಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಪತ್ರಿಕೋದ್ಯಮ ಓದಿದ ಕಾಮಿಕ್ಸ್ ವರದಿಗಾರ ಜೋ ಸಾಕೊ ಕೆಲಸ ಮಾಡುವ ರೀತಿ ನೋಡಿದ ಮೇಲೆ ಅದು ಸಡಿಲವಾಯಿತು. 1956ರ ನವೆಂಬರ್‌ನಲ್ಲಿ, ಸೂಯೆಜ್ ಸಂಘರ್ಷದ ವೇಳೆ, ಗಾಜಾದ ಖಾನ್ ಯೂನಿಸ್ ಮತ್ತು ರಫಾದಲ್ಲಿ ಇಸ್ರೇಲಿ ಸೈನಿಕರ ಗುಂಡಿಗೆ ಬಹಳ ಮಂದಿ ಸತ್ತರು. ವಿಶ್ವಸಂಸ್ಥೆಯ ವರದಿಯ ಲೆಕ್ಕ ಕ್ರಮವಾಗಿ 275 ಮತ್ತು 111. ಚರಿತ್ರೆಯಲ್ಲಿ ಅದು ಅಡಿಟಿಪ್ಪಣಿಯಷ್ಟೇ ಆಗಿತ್ತು. ಸಾಕೊ 2002-03ರಲ್ಲಿ ಗಾಜಾಕ್ಕೆ ಹೋಗಿ ಬದುಕುಳಿದ ಮುದುಕರನ್ನು ಹುಡುಕಿದರು, ಮಾತು ಧ್ವನಿಮುದ್ರಿಸಿಕೊಂಡರು, ಹಳೆಯ ಫೋಟೋಗಳನ್ನು ಕಲೆಹಾಕಿದರು. ಅದರ ಫಲವಾಗಿ ‘ಫುಟ್‌ನೋಟ್ಸ್ ಇನ್ ಗಾಜಾ’ ಪುಸ್ತಕ ಹೊರಬಂದದ್ದು 2009ರಲ್ಲಿ.

ಬರವಣಿಗೆಯ ವರದಿಗಾರ ಜನರನ್ನು ಗೋಡೆಗೆ ಒತ್ತಿ ನಿಲ್ಲಿಸಿದರು ಎಂದು ಬರೆದು ಮುಂದೆ ಹೋಗಬಹುದು. ಚಿತ್ರ ಬರೆಯುವವನಿಗೆ ಆ ಅನುಕೂಲವಿಲ್ಲ. ಗೋಡೆ ಎಷ್ಟು ಎತ್ತರ, ಇಟ್ಟಿಗೆಯದೋ ಮಣ್ಣಿನದೋ, ಕೈ ಮೇಲಿತ್ತೋ ಕೆಳಗಿತ್ತೋ, ಎಲ್ಲವನ್ನೂ ಕೇಳಲೇಬೇಕು. ಕೇಳದಿದ್ದರೆ ಚೌಕ ಖಾಲಿ ಉಳಿಯುತ್ತದೆ. ಎಷ್ಟು ಕೇಳಿದರೂ ಕೆಲವು ವಿವರಗಳನ್ನು ಊಹಿಸಬೇಕಾಗುತ್ತದೆ ಎಂಬುದೂ ನಿಜವೇ. ಆದರೆ ಕೈಯಿಂದ ಬರೆದದ್ದು ಎಂಬುದು ಪ್ರತಿ ಗೆರೆಯಲ್ಲೂ ಕಾಣುವುದರಿಂದ ಓದುಗ ಮೋಸಹೋಗುವುದಿಲ್ಲ. ಫೋಟೋವನ್ನಾದರೋ ಬೇಕಾದಷ್ಟು ಕತ್ತರಿಸಿ ಬಳಸಿದರೂ ಸುಲಭವಾಗಿ ಗೊತ್ತಾಗುವುದಿಲ್ಲ.

ಸಾಕ್ಷಿಗಳು ಒಬ್ಬರಿಗೊಬ್ಬರು ತಾಳೆಯಾಗದಿದ್ದರೆ ಸಾಕೊ ಮುಚ್ಚಿಡುವುದಿಲ್ಲ. ಅದೇ ಪುಸ್ತಕದಲ್ಲಿ ಒಬ್ಬಾತ ತನ್ನ ಅಣ್ಣತಮ್ಮಂದಿರ ಸಾವಿನ ಹೊತ್ತಿಗೆ ಅಲ್ಲೇ ಇದ್ದೆ ಎನ್ನುತ್ತಾನೆ, ಉಳಿದವರು ಅವನು ಇರಲೇ ಇಲ್ಲ ಎನ್ನುತ್ತಾರೆ. ಎರಡೂ ಮಾತು ನಮ್ಮ ಮುಂದಿವೆ. ಇಸ್ರೇಲಿ ಮೂಲಗಳಿಗೂ ಪುಸ್ತಕದ ಅನುಬಂಧದಲ್ಲಿ ಜಾಗವಿದೆ.

ಇದೂ ವ್ಯಂಗ್ಯಚಿತ್ರವೇ, ಉದ್ದ ಮಾತ್ರ ಜಾಸ್ತಿ ಎಂಬುದು.

ವಾಸ್ತವ: ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಸುದ್ದಿ ತರುತ್ತಿರಲಿಲ್ಲ; ನಮಗೆ ಆಗಲೇ ಗೊತ್ತಿದ್ದ ಸುದ್ದಿಯನ್ನು ನೋಡಿ ಸುಮ್ಮನೆ ನಿಲ್ಲುತ್ತಿದ್ದ. ಕಾಮಿಕ್ಸ್ ವರದಿಗಾರ ಸುದ್ದಿ ತರಲು ಹೋಗುತ್ತಾನೆ. ಪುಲಿಟ್ಜರ್ ಪ್ರಶಸ್ತಿ ಕೊಡುವವರಿಗೂ ಈ ಗೊಂದಲ ಇತ್ತೆನ್ನಿ: ಸಿರಿಯಾದ ನಿರಾಶ್ರಿತ ಕುಟುಂಬವೊಂದರ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ಕಾಮಿಕ್ಸ್ ಸರಣಿಗೆ 2018ರಲ್ಲಿ ಬಹುಮಾನ ಬಂದದ್ದು ಸಂಪಾದಕೀಯ ವ್ಯಂಗ್ಯಚಿತ್ರದ ವಿಭಾಗದಲ್ಲಿ. 2022ರ ಹೊತ್ತಿಗೆ ಆ ವಿಭಾಗವೇ ಸಚಿತ್ರ ವರದಿ ಮತ್ತು ವ್ಯಾಖ್ಯಾನ ಎಂದಾಯಿತು.

ನೋವನ್ನು ಕಾಮಿಕ್ಸ್ ಮಾಡಿದರೆ ಅದು ಹಗುರವಾಗುತ್ತದೆ ಎಂಬುದು.

ವಾಸ್ತವ: ಸಾಕೊ ಅವರ ‘ಪ್ಯಾಲೆಸ್ಟೈನ್’ನಲ್ಲಿ ಕೆಲವೇ ಪುಟಗಳ ಒಂದು ಅಧ್ಯಾಯವಿದೆ. ಒಬ್ಬನನ್ನು ವಿಚಾರಣೆಗೆಂದು ಹಿಡಿದೊಯ್ದು, ತಲೆಗೆ ಚೀಲ ಹಾಕಿ, ದಿನಗಟ್ಟಲೆ ಕೂಡಿಹಾಕುತ್ತಾರೆ. ಮೊದಲ ಪುಟದಲ್ಲಿ ಚೌಕಗಳು ದೊಡ್ಡವು. ದಿನ ಕಳೆದಂತೆ ಪುಟಕ್ಕೆ ಒಂಬತ್ತು, ಹನ್ನೆರಡು, ಹದಿನಾರು. ಕೊನೆಗೆ ಇಪ್ಪತ್ತು ಸಣ್ಣ ಸಣ್ಣ ಚೌಕ, ನಡುವೆಲ್ಲ ಕಪ್ಪು. ಓದುತ್ತಾ ನಮಗೇ ಉಸಿರು ಕಟ್ಟಿತು. ಅವನನ್ನು ಬಿಟ್ಟಾಗ ಚೌಕ ಮತ್ತೆ ಅಗಲವಾಗುತ್ತದೆ, ರಸ್ತೆ ಕಾಣುತ್ತದೆ, ಜನ ತಮ್ಮ ಪಾಡಿಗೆ ಓಡಾಡುತ್ತಿರುತ್ತಾರೆ. ಇದರಲ್ಲಿ ಹಗುರವಾದದ್ದೇನು?

ಭಾರತದ ಬಗ್ಗೆಯೂ ಸಾಕೊ ಒಂದು ಕಾಮಿಕ್ಸ್ ಬರೆದಿದ್ದಾರೆ. ಉತ್ತರ ಪ್ರದೇಶದ ಕುಶೀನಗರದ ದಲಿತರ ಹಸಿವು, ಅವರ ತನಕ ಬಾರದ ಸರ್ಕಾರಿ ಯೋಜನೆಗಳು ಅದರ ವಿಷಯ. ಇನ್ನೊಂದು ಅನುಕೂಲವನ್ನೂ ಹೇಳಬೇಕು: ಮುಖ ತೋರಿಸಿದರೆ ಅಪಾಯವಿರುವವರಿಗೆ ಗೆರೆ ಬೇರೆ ಮುಖ ಕೊಡಬಲ್ಲದು. ಫೋಟೋದಲ್ಲಿ ಮುಖ ಮಸುಕು ಮಾಡಿದರೆ ಮನುಷ್ಯನೇ ಮಸುಕಾಗುತ್ತಾನೆ.

ವರದಿಗಾರ ತನ್ನನ್ನೇ ಚಿತ್ರಿಸಿಕೊಂಡರೆ ವರದಿ ಪಕ್ಷಪಾತಿ ಎಂಬುದು.

ವಾಸ್ತವ: ಪಕ್ಷಪಾತ ಇರಬಹುದು. ಆದರೆ ಅದು ಎದುರಿಗೇ ಕೂತಿರುತ್ತದೆ, ಸಾಕೊ ತಮ್ಮನ್ನು ಚಿತ್ರಿಸಿಕೊಳ್ಳುವಂತೆ ಕಣ್ಣು ಕಾಣದ ಕನ್ನಡಕ ಹಾಕಿಕೊಂಡು. ತಾನಿಲ್ಲವೆಂಬಂತೆ ಬರೆಯುವ ವರದಿಗಾರನೂ ಸಾಕ್ಷಿಯ ಕೋಣೆಯಲ್ಲಿ ಕೂತು ಚಹಾ ಕುಡಿದವನೇ.

ಇದು ಪರದೇಶದ ಶೋಕಿ, ನಮ್ಮಲ್ಲಿ ಬೇರಿಲ್ಲ, ಕಲಾವಿದರಲ್ಲದವರಿಗೆ ಸಾಧ್ಯವೂ ಇಲ್ಲ ಎಂಬುದು.

ವಾಸ್ತವ: ಒರಿಜಿತ್ ಸೇನ್ ಅವರ ಕಾಮಿಕ್ಸ್ ಪುಸ್ತಕ ‘ರಿವರ್ ಆಫ್ ಸ್ಟೋರೀಸ್’ 1994ರದು. ನರ್ಮದಾ ಕಣಿವೆಯಲ್ಲಿ ಅಣೆಕಟ್ಟಿನಿಂದ ಮುಳುಗಲಿದ್ದ ಊರುಗಳ ಕತೆಯನ್ನು ಅಲ್ಲಿಗೆ ಹೋಗುವ ಯುವ ಪತ್ರಕರ್ತನೊಬ್ಬನ ಕಣ್ಣಲ್ಲಿ ಹೇಳುತ್ತದೆ. ಅಣೆಕಟ್ಟಿನ ಹೆಸರು ಬದಲಿಸಿ, ಪಾತ್ರಗಳನ್ನು ಕಲ್ಪಿಸಿದ್ದರಿಂದ ಅದನ್ನು ಶುದ್ಧ ವರದಿ ಎನ್ನಲಾಗದು; ನೆಲದ ಮೇಲೆ ಓಡಾಡಿ ಬರೆದದ್ದು ಎಂಬುದಂತೂ ಪುಟಪುಟದಲ್ಲಿ ಗೊತ್ತಾಗುತ್ತದೆ.

ಚಿತ್ರ ಬರೆಯಲು ಬಾರದು ಎನ್ನುವವರಿಗೆ ಉತ್ತರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಎಂಬ ಸಂಸ್ಥೆಯ ಶರದ್ ಶರ್ಮಾ ಮತ್ತು ಸಂಗಡಿಗರ ಗೋಡೆ ಕಾಮಿಕ್ಸ್‌ನಲ್ಲಿದೆ. ಎರಡು ಎ4 ಹಾಳೆ, ನಾಲ್ಕು ಚೌಕ, ಕಪ್ಪು ಶಾಯಿ. ಪೆನ್ಸಿಲ್ ಗೆರೆ ಜೆರಾಕ್ಸ್‌ನಲ್ಲಿ ಸರಿಯಾಗಿ ಮೂಡದು, ಅದಕ್ಕೇ ಶಾಯಿ. ಬರೆಯುವವರು ಊರಿನವರೇ, ಮೂಗು ಸೊಟ್ಟಗಾದರೂ ಚಿಂತೆಯಿಲ್ಲ. ಬಾಲ್ಯವಿವಾಹ, ಶಾಲೆಗೆ ಬಾರದ ಮೇಷ್ಟ್ರು, ಸಿಗದ ಪಡಿತರ, ಇಂಥವೇ ವಿಷಯ. ಪ್ರತಿಗಳನ್ನು ಅಂಗಡಿಯ ಗೋಡೆಗೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತಾರೆ. ಅಲ್ಲಿ ಸುಳ್ಳು ಬರೆದರೆ ಕೇಳುವವರು ಎದುರು ಮನೆಯಲ್ಲೇ ಇರುತ್ತಾರೆ.