ಕೋರ್ಟು ಕಡತ, ಜೈಲು ದಾಖಲೆ: ಹುಡುಕುವುದೆಲ್ಲಿ?

ಕಾಸರಗೋಡಿನ ಕನ್ನಡ ಮನೆತನಗಳ ಕೋರ್ಟು ಕಾಗದಗಳು ಒಂದೇ ಊರಿನಲ್ಲಿ ಸಿಗುವಂಥವಲ್ಲ. ಗಡಿ ಬದಲಾದಂತೆ ಕಚೇರಿಯೂ ಬದಲಾಯಿತು. ಆದುದರಿಂದ ಹಳೆಯ ಡಿಕ್ರಿಯ ನಕಲು ಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಮೊಕದ್ದಮೆ ನಡೆದ ವರ್ಷವನ್ನು.

1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡದ್ದು. ಜಿಲ್ಲಾ ನ್ಯಾಯಾಲಯ ಮಂಗಳೂರಿನಲ್ಲಿ, ಹೈಕೋರ್ಟು ಮದರಾಸಿನಲ್ಲಿ. ಆ ಬಳಿಕ ತಲಶ್ಶೇರಿ ಮತ್ತು ಎರ್ನಾಕುಳಂ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಈಗ ಜಿಲ್ಲಾ ನ್ಯಾಯಾಲಯ ಇಲ್ಲಿಯ ವಿದ್ಯಾನಗರದಲ್ಲೇ ಇದೆ.

ಕಯ್ಯೂರು ಮೊಕದ್ದಮೆಯನ್ನೇ ನೋಡಿ. 1941ರ ಮಾರ್ಚ್‌ನ ಘಟನೆ ನಡೆದದ್ದು ಈಗಿನ ಹೊಸದುರ್ಗ ತಾಲೂಕಿನಲ್ಲಿ, ವಿಚಾರಣೆ ಮಂಗಳೂರಿನಲ್ಲಿ, ಅಪೀಲು ಮದರಾಸಿನಲ್ಲಿ, ನಾಲ್ವರನ್ನು ಗಲ್ಲಿಗೇರಿಸಿದ್ದು 1943ರ ಮಾರ್ಚ್ 29ರಂದು ಕಣ್ಣೂರಿನ ಸೆಂಟ್ರಲ್ ಜೈಲಿನಲ್ಲಿ. ನಿರಂಜನರ 'ಚಿರಸ್ಮರಣೆ'ಗೆ ವಸ್ತುವಾದ ಈ ಒಂದು ಮೊಕದ್ದಮೆಯ ಜಾಡು ಇಂದಿನ ಮೂರು ರಾಜ್ಯಗಳಲ್ಲಿ ಹರಡಿದೆ. ಅವಧಿ ಮೀರಿದ ಕಡತಗಳನ್ನು ನಾಶಪಡಿಸಲು 1917ರ ಕಾಯಿದೆಯೇ ಉಂಟು. ನಕಲು ಅರ್ಜಿಯನ್ನು ತಡಮಾಡುವುದು ಲೇಸಲ್ಲ.

ಹೊಸ ಮೊಕದ್ದಮೆಗಳ ಹುಡುಕಾಟ ಸುಲಭ. ಇ-ಕೋರ್ಟ್ಸ್ ತಾಣದಲ್ಲಿ ಪ್ರತಿ ಮೊಕದ್ದಮೆಗೂ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಮೊದಲೆರಡು ಅಕ್ಷರ ಕೆ.ಎಲ್. ಆದರೆ ಕೇರಳ, ಕೆ.ಎ. ಆದರೆ ಕರ್ನಾಟಕ. ಮಂಗಳೂರಿನಲ್ಲಿ ದುಡಿಯುವ ಮಂಜೇಶ್ವರದ ಹುಡುಗನ ಮೇಲೆ ಅಲ್ಲಿಯೇ ಕೇಸಾದರೆ, ಅದನ್ನು ಕಾಸರಗೋಡಿನಲ್ಲಿ ಹುಡುಕಿ ಫಲವಿಲ್ಲ. ಸಂಖ್ಯೆ ಗೊತ್ತಿಲ್ಲದಿದ್ದರೆ ಹೆಸರು, ವರ್ಷ ಕೊಟ್ಟು ನೋಡಬಹುದು. ನಮ್ಮ 'ಶಂಕರ' ಇಂಗ್ಲಿಷ್ ಕಾಗದದಲ್ಲಿ 'ಸಂಕರನ್' ಆಗಿರುವುದುಂಟು. ಎರಡು ಮೂರು ಬಗೆಯಲ್ಲಿ ಬರೆದು ನೋಡಬೇಕು.

ಮನೆಯವರೊಬ್ಬರನ್ನು ಪೊಲೀಸರು ಕರೆದೊಯ್ದಾಗ ಊರೂರು ಅಲೆಯಬೇಕಾಗಿಲ್ಲ. ಬಂಧನದ ಸುದ್ದಿಯನ್ನೂ ಇರಿಸಿದ ಸ್ಥಳವನ್ನೂ ಬಂಧುಗಳಿಗೆ ತಿಳಿಸುವುದು ಪೊಲೀಸರ ಕರ್ತವ್ಯ. 2024ರ ಜುಲೈ 1ರಂದು ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದು ಸ್ಪಷ್ಟವಾಗಿದೆ. ಪ್ರಯಾಣದ ಹೊತ್ತನ್ನು ಬಿಟ್ಟು 24 ತಾಸುಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ರಿಮಾಂಡ್ ಆದವನು ಯಾವ ಜೈಲಿನಲ್ಲಿದ್ದಾನೆಂದು ಆ ಕೋರ್ಟಿನಲ್ಲೇ ವಿಚಾರಿಸಿದರೆ ತಿಳಿಯುತ್ತದೆ. ಬಂಧನದಲ್ಲಿರುವವನಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕುಂಟು. ಇದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು, ಇಲ್ಲವೆ 15100ಕ್ಕೆ ಫೋನು ಮಾಡಬೇಕು.

ಇನ್ನು ಭಾಷೆಯ ಮಾತು. ಮಲಯಾಳ ಓದಲು ಬಾರದ ತಾಯಿಗೆ ಮಗನ ಎಫ್.ಐ.ಆರ್. ಬರಿಯ ಕಾಗದದ ಚೂರು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ, ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ದುಃಖ ನಿವಾರಣೆಗಾಗಿ ಕೊಡುವ ಮನವಿಗೆ ಸಂವಿಧಾನದ 350ನೇ ವಿಧಿಯ ಬಲವೂ ಉಂಟು. ಬಳಸದ ಹಕ್ಕು ಕಾಲಕ್ರಮದಲ್ಲಿ ಕಚೇರಿಯವರಿಗೂ ಮರೆತುಹೋಗುತ್ತದೆ.

ಮನೆಯ ಲೆಕ್ಕದ ಪುಸ್ತಕದಲ್ಲಿ ಮೊಕದ್ದಮೆ ಸಂಖ್ಯೆ, ವರ್ಷ, ಕೋರ್ಟಿನ ಹೆಸರು ಈ ಮೂರನ್ನು ಇಂದೇ ಬರೆದಿಡಿ. ಮುಂದಿನ ತಲೆಮಾರು ಹುಡುಕುವಾಗ ಅಷ್ಟೇ ಸಾಕು.