ಅಂಚೆ ಲೆಕ್ಕ ಮತ್ತೆ ಮನೆಗೆ!

ನಂಜನಗೂಡು: ಅಂಗಡಿಯ ಲೆಕ್ಕದ ಪುಸ್ತಕ ಬದಲಿಸಬೇಕೆಂದರೂ ವರ್ತಕರು ಹಬ್ಬ ನೋಡುತ್ತಾರೆ. ಇನ್ನು ಒಂದೂವರೆ ಲಕ್ಷಕ್ಕೂ ಮಿಕ್ಕ ಅಂಚೆ ಕಚೇರಿಗಳ ಲೆಕ್ಕ ಬದಲಿಸುವುದೆಂದರೆ ಹುಡುಗಾಟವೇ?

ಮೊದಲಿದ್ದದ್ದು ‘ಮೇಘದೂತ್’. ಆಯಾ ಕಚೇರಿಯ ಕಂಪ್ಯೂಟರಿನಲ್ಲೇ ಲೆಕ್ಕ. ಲೈನ್ ಹೋದರೂ ಕೌಂಟರ್ ನಡೀತಿತ್ತು. ಆದರೆ ಟಿ. ನರಸೀಪುರದಲ್ಲಿ ಬರೆದ ಲೆಕ್ಕ ನಂಜನಗೂಡಿನ ಕಂಪ್ಯೂಟರಿಗೆ ಆ ಕ್ಷಣಕ್ಕೇ ಕಾಣುತ್ತಿರಲಿಲ್ಲ. ಅದಕ್ಕೇ 2013ರಲ್ಲಿ ಇಲಾಖೆ ಟಿಸಿಎಸ್‌ಗೆ ಸುಮಾರು 1,100 ಕೋಟಿ ರೂಪಾಯಿ ಗುತ್ತಿಗೆ ಕೊಟ್ಟು, ಎಲ್ಲ ಕಚೇರಿಗಳನ್ನೂ ಒಂದೇ ದಾರಕ್ಕೆ ಪೋಣಿಸುವ ಸ್ಯಾಪ್ ವ್ಯವಸ್ಥೆ ತರಿಸಿತು. ಇಡೀ ದೇಶದ ಕೌಂಟರು ಒಂದೇ ಲೈನಿನ ಮೇಲೆ ನಿಂತಿತು.

ಈಗ ಅದಕ್ಕೂ ವಿದಾಯ! ಬದಲಿಗೆ ಬಂದ ‘ಎಪಿಟಿ’ ಹೊರಗಿನ ಕಂಪನಿಯದಲ್ಲ. ಮೈಸೂರಿನಲ್ಲಿ ಬೇರೂರಿ ಬೆಳೆದ ಇಲಾಖೆಯದೇ ‘ಸೆಪ್ಟ್’ ಕೇಂದ್ರ ಕಟ್ಟಿದ್ದು. ಮೊದಲ ಪರೀಕ್ಷೆ 2025ರ ಮೇ-ಜೂನ್‌ನಲ್ಲಿ ನಮ್ಮ ಕರ್ನಾಟಕದ ಮೇಲೆಯೇ. ಆಗಸ್ಟ್ 4ಕ್ಕೆ ದೇಶಕ್ಕೆಲ್ಲ. ಹಳೇ ಲೆಕ್ಕ ಸಾಗಿಸಲು ಕೌಂಟರ್ ವಹಿವಾಟು ನಿಲ್ಲಿಸಬೇಕಾಯಿತು.

ಬಾಡಿಗೆ ಮನೆ ಬಿಟ್ಟು ಸ್ವಂತ ಮನೆ ಸೇರಿದ ಹಾಗಾಯಿತು. ಸೂರು ಸೋರಿದರೆ ಬೈಯಲು ಮಾತ್ರ ಬೇರೆಯವರಿಲ್ಲ! ಪಾರ್ಸೆಲ್ ಕಳಿಸುವ ಅಂಗಡಿಯವರಿಗೆ ಒಂದು ಅನುಕೂಲ: ಚಿಲ್ಲರೆ ಹುಡುಕದೆ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕಟ್ಟಬಹುದು.